ಚಾವಡಿ ಕಲ್ಲು

“ಮೈ ಮುಟ್ಟಿದ್ರೆ ಕೈ ಮುರೀತೀನಿ! ಸರೀರೋ ಅತ್ಲಾಗೆ!”

ಕುಸುಮಾ ಗದರಿದ ರಭಸಕ್ಕೆ, ಅವಳ ಗಾಲಿಕುರ್ಚಿಯ ಮೂಲೆಗಳನ್ನು ಹಿಡಿದು ಎತ್ತಲು ಬಗ್ಗಿದ್ದ ಹುಡುಗರು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಹಿಂದಕ್ಕೆ ಜಿಗಿದರು. ಪೆಂಡಾಲ್ ಕಟ್ಟಲು ಬಂದಿದ್ದ ಹುಡುಗರು. ‘ಬರ್ರೋ, ಒಂಚೂರು ಕೈ ಹಾಕ್ರೋ’ ಅಂತ ಕರೆದಿದ್ದಕ್ಕೆ ಬಂದವರು, ಈಗ ಯಾರ ಮುಖ ನೋಡಬೇಕೋ ತಿಳಿಯದೆ ಬಾಗಿಲ ತೋರಣ ನೋಡುತ್ತ ನಿಂತರು.

“ಏನೇ ನಿಂದು ರಂಪ? ಹುಟ್ಟಿದಾಗಿಂದ ಎತ್ಕೊಂಡೇ ಓಡಾಡಿದೀವಿ ನಿನ್ನ. ಇವತ್ತೊಂದಿನ ಎತ್ತಿದ್ರೆ ಸವೆದು ಹೋಗ್ತೀಯಾ?” ಬಾಗಿಲ ಒಳಗಡೆ ನಿಂತಿದ್ದ ಅವಳ ಅಣ್ಣ ಕೆಂಪಯ್ಯ ಕೂಗಿದ.

“ಎತ್ತಿ ಒಳಗಿಡೋಕೆ ನಾನೇನು ಮದುವೆ ಮನೆ ಅಕ್ಕಿ ಮೂಟೆನಾ? ಇವತ್ತು ನಿನ್ನ ತಂಗಿ ಅಂತ ಬಂದಿಲ್ಲ ನಾನು. ತಪಾಸಣೆಗೆ ಬಂದಿದೀನಿ.”

“ಓಹೋ, ಆಫೀಸರಮ್ಮ! ಕೇಳಿಸ್ಕಳ್ರಪ್ಪ, ಹಿಟ್ಟಿನ ಗಿರಣಿ ಕುಸುಮಾ ಆಫೀಸರಮ್ಮ ಆಗವ್ಳೆ!”

“ಆಗಿದೀನಿ. ಏನೀಗ?”

ಜಗಳ ನಡೆಯುತ್ತಿದ್ದದ್ದು ಹೇರೋಹಳ್ಳಿ ಹಳೇ ಊರಿನ ಸಮುದಾಯ ಭವನದ ಮುಂಬಾಗಿಲಲ್ಲಿ. ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಮನೆಯಾಗಿ, ಊರು ಅನ್ನೋದು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದ ಮೇಲೆ, ಹಳಬರೆಲ್ಲ ಸೇರಿ ಟ್ರಸ್ಟು ಮಾಡಿಕೊಂಡು ಸರ್ಕಾರಿ ಜಾಗದಲ್ಲಿ ಎಬ್ಬಿಸಿದ ಕಟ್ಟಡ. ಮದುವೆಯೂ ಅಲ್ಲೇ, ಮತದಾನವೂ ಅಲ್ಲೇ, ಪಿಂಚಣಿ ಶಿಬಿರವೂ ಅಲ್ಲೇ. ಕೆಂಪಯ್ಯ ಟ್ರಸ್ಟಿನ ಅಧ್ಯಕ್ಷ. ಮುಂದಿನ ವಾರ ಅವನ ಮಗಳು ಸ್ಪಂದನಳ ಮದುವೆ ಇದೇ ಭವನದಲ್ಲಿ. ಆದರೆ ಭವನದ ಪರವಾನಗಿ ಮುಗಿದಿತ್ತು. ತಪಾಸಣೆಯವರು ಬಂದು, ಬೆಂಕಿ ಬಿದ್ದರೆ ಜನ ಹೊರಗೆ ಓಡಲು ದಾರಿ ಇದೆಯೇ, ಕಾಲಿಲ್ಲದವರು ಕಣ್ಣಿಲ್ಲದವರು ಯಾರ ಹಂಗಿಲ್ಲದೆ ಒಳಗೆ ಬರಬಹುದೇ ಎಂದೆಲ್ಲ ನೋಡಿ ಸಹಿ ಹಾಕಿದರೆ ಮಾತ್ರ ಭವನವನ್ನು ಜನರಿಗೆ ತೆರೆಯಬಹುದು, ಇಲ್ಲದಿದ್ದರೆ ಇಲ್ಲ.

ಆ ತಪಾಸಣೆಗೆ ಬಂದವರು ಇಬ್ಬರು. ಒಬ್ಬಳು ಅನಘಾ, ಬಸವೇಶ್ವರನಗರದ ಹುಡುಗಿ, ಪಾಲಿಕೆಯಲ್ಲಿ ಹೊಸದಾಗಿ ಸೇರಿದ ಎಂಜಿನಿಯರು. ಇನ್ನೊಬ್ಬಳು ಕುಸುಮಾ.

ಕುಸುಮಾಗೆ ಹಾಲು ಕುಡಿಯೋ ವಯಸ್ಸಿನಲ್ಲೇ ಪೋಲಿಯೋ ಜ್ವರ ಬಂದು ಎರಡೂ ಕಾಲಿನ ಬಲ ಹೋಗಿತ್ತು. ಈಗ ನಡುವಯಸ್ಸು. ಅಣ್ಣನ ಮನೆಯ ಕೆಳಗಿನ ಕೋಣೆಯಲ್ಲಿ ವಾಸ, ಮಲ್ಲತ್ತಹಳ್ಳಿಯಲ್ಲಿ ಸ್ವಂತದ್ದೊಂದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಪಿಸುಮಾತು ಕೂಡ ಬೀದಿಯ ಆ ತುದಿಗೆ ಕೇಳುತ್ತದೆ. ಹೋದ ಚುನಾವಣೆಯಲ್ಲಿ ಮತಗಟ್ಟೆಗೆ ಮೆಟ್ಟಿಲಿದೆ ಅಂತ ಯಾರೋ ಹುಡುಗರು ಒಂದು ಮಾತೂ ಕೇಳದೆ ಅವಳನ್ನು ಎತ್ತಿಕೊಂಡು ಹೋಗಿದ್ದರು. ಮಾರನೇ ದಿನ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು: ‘ಮಾನವೀಯತೆ ಮೆರೆದ ಯುವಕರು.’ ಫೋಟೋದಲ್ಲಿ ಯುವಕರ ಹಲ್ಲು ಕಾಣುತ್ತಿತ್ತು, ಕುಸುಮಾಳ ಮೊಣಕಾಲ ತನಕ ಸರಿದ ಸೀರೆ ಕಾಣುತ್ತಿತ್ತು. ಅವಳು ಅದನ್ನು ಹಿಡಿದುಕೊಂಡು ಪಾಲಿಕೆ ಕಚೇರಿಯ ಅಂಗಳದಲ್ಲಿ ಮಧ್ಯಾಹ್ನದ ಊಟದ ತನಕ ಕೂಗಾಡಿದಳು. ತಪಾಸಣೆಗೆ ತಂಡ ಮಾಡುವಾಗ, ಗಾಲಿಕುರ್ಚಿಯವರೊಬ್ಬರು ಜೊತೆಗಿರಬೇಕು ಅಂತ ನಿಯಮ ಬಂದಾಗ, ಅಲ್ಲಿನವರಿಗೆ ಮೊದಲು ನೆನಪಾದದ್ದು ಆ ಗಂಟಲು. ಅವಳ ಸಹಿಯಿಲ್ಲದೆ ಎಂಜಿನಿಯರ ಸಹಿ ನಡೆಯುವುದಿಲ್ಲ.

ತಂಗಿಯೇ ತಪಾಸಣೆಗೆ ಬರುತ್ತಾಳೆ ಅಂತ ಗೊತ್ತಾದಾಗ ಕೆಂಪಯ್ಯ ಬಾಳೆಕಂಬ ಕಟ್ಟಿಸಿದ್ದ. ಶಾಲು, ಪೇಟ, ಹಣ್ಣಿನ ಬುಟ್ಟಿ ತರಿಸಿದ್ದ. ಟ್ರಸ್ಟಿನ ಮೂವರು ಹಿರಿಯರಿಗೆ ಬಿಳಿ ಪಂಚೆ ಉಡಿಸಿ ಒಳಗೆ ಕೂರಿಸಿದ್ದ. ಕೆಲಸ ಆದ ಹಾಗೇ ಅಂತ ಅಂದುಕೊಂಡಿದ್ದ.

ಆಗಿತ್ತು ಕೂಡ, ಹೊಸ್ತಿಲೊಂದು ಇಲ್ಲದಿದ್ದರೆ.

ಬಾಗಿಲಿಗೆ ಹತ್ತುವ ಇಳಿಜಾರನ್ನು ಅನಘಾ ಅಳೆದಿದ್ದಳು. ಏರು ಸರಿಯಾಗಿತ್ತು, ಅಗಲ ಸರಿಯಾಗಿತ್ತು, ಎರಡೂ ಕಡೆ ಹಿಡಿಯಲು ಕಂಬಿ ಇತ್ತು. ಕುಸುಮಾ ತಾನೇ ಚಕ್ರ ತಳ್ಳಿಕೊಂಡು, ಒಂದೇ ಉಸಿರಿಗೆ ಮೇಲೆ ಬಂದಿದ್ದಳು. ಬಂದು ನಿಂತರೆ ಎದುರಿಗೆ ಗೇಣೆತ್ತರದ ಕರಿ ಕಲ್ಲು, ಬಾಗಿಲಿನ ಈ ತುದಿಯಿಂದ ಆ ತುದಿಗೆ ಅಡ್ಡ ಮಲಗಿತ್ತು. ಮೈತುಂಬ ಅರಿಶಿನ, ಕುಂಕುಮ, ಹೂವು.

ಅದು ಹಳೇ ಊರ ಚಾವಡಿಯ ಹೊಸ್ತಿಲು. ರಸ್ತೆ ಅಗಲ ಮಾಡಲು ಚಾವಡಿ ಒಡೆದ ದಿನ ಕೆಂಪಯ್ಯ ಜೆಸಿಬಿ ಮುಂದೆ ನಿಂತು, ಡ್ರೈವರನ ಹತ್ತಿರ ಬೈಸಿಕೊಂಡು, ಆ ಒಂದು ಕಲ್ಲನ್ನು ಉಳಿಸಿಕೊಂಡಿದ್ದ. ಭವನ ಕಟ್ಟುವಾಗ ಗಾರೆಯವರು ಪ್ಲಾನಿನಲ್ಲಿದ್ದ ಹಾಗೇ ಇಳಿಜಾರು ತಂದು ನೆಲಕ್ಕೆ ಸಮ ಮಾಡಿದ್ದರು. ಪ್ಲಾನಿನಲ್ಲಿ ಹೊಸ್ತಿಲಿರಲಿಲ್ಲ. ಗೃಹಪ್ರವೇಶದ ಹಿಂದಿನ ದಿನ ಅದು ಹಿರಿಯರ ಕಣ್ಣಿಗೆ ಬಿತ್ತು. ಹೊಸ್ತಿಲಿಲ್ಲದೆ ಪೂಜೆ ಎಲ್ಲಿ ಮಾಡೋದು? ಅರಿಶಿನ ಎಲ್ಲಿ ಹಚ್ಚೋದು? ರಾಹುಕಾಲ ಕಳೆದು, ಒಳ್ಳೆಯ ಹೊತ್ತು ನೋಡಿ, ಚಾವಡಿ ಕಲ್ಲನ್ನು ತಂದು ಸಿಮೆಂಟಿನಲ್ಲಿ ಕೂರಿಸಿದರು. ಇಳಿಜಾರು ಯಾರಿಗಾಗಿ ಕಟ್ಟಿದ್ದು ಅನ್ನೋದು ಅಲ್ಲಿದ್ದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

“ಒಂದು ಹಲಗೆ ಇಟ್ರೆ ಆಗುತ್ತಲ್ವಾ ಸಾರ್? ಎರಡೂ ಕಡೆಗೆ ಇಳಿಜಾರಾಗಿ...” ಅನಘಾ ಮೆಲ್ಲಗೆ ಕೇಳಿದಳು.

ಒಳಗಿಂದ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡರು. “ಹೊಸ್ತಿಲ ಮೇಲೆ ಹಲಗೆನಾ? ಅದರ ಮೇಲೆ ಚಕ್ರನಾ? ಲಕ್ಷ್ಮಿ ಇರೋ ಜಾಗ ಕಣಮ್ಮ ಅದು. ನಾವು ಕಾಲೇ ಇಡಲ್ಲ.”

“ನಾನೂ ಕಾಲಿಡಲ್ಲ ದೊಡ್ಡಪ್ಪ,” ಕುಸುಮಾ ಅಂದಳು. “ಇಡೋಕಾಗಲ್ಲ.”

ಪೆಂಡಾಲಿನ ಹುಡುಗನೊಬ್ಬ ಕಿಸಕ್ಕನೆ ನಕ್ಕು, ಕೆಂಪಯ್ಯನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಟ್ರಸ್ಟಿನ ಕಾರ್ಯದರ್ಶಿ ಮಹದೇವ್ ಮುಂದೆ ಬಂದ. ನುಣ್ಣನೆಯ ಮಾತಿನವನು, ಜಗಳ ಎಲ್ಲಿದ್ದರೂ ಮೊಬೈಲು ಜೇಬಿಗಿಟ್ಟು ಕೈ ಜೋಡಿಸಿಕೊಂಡು ಬರುತ್ತಾನೆ. “ಅಕ್ಕ, ಸಿಟ್ಟು ಬೇಡ. ಹಿಂದ್ಗಡೆ ಬಾಗ್ಲು ಐತೆ. ಅಡುಗೆ ಮನೆ ಕಡೆ. ನೆಲಕ್ಕೆ ಸಮ ಐತೆ, ಜುಮ್ಮಂತ ಬರಬಹುದು. ಬನ್ನಿ, ನಾನೇ ತಳ್ತೀನಿ.”

“ತಳ್ಬೇಡ. ದಾರಿ ತೋರ್ಸು.”

ಪಕ್ಕದ ಓಣಿಯಲ್ಲಿ ಕುಸುಮಾ ತಾನೇ ಚಕ್ರ ಉರುಳಿಸಿಕೊಂಡು ಹೋದಳು. ಅನಘಾ ಟೇಪು ಹಿಡಿದು ಹಿಂದೆ ನಡೆದಳು. ಮಹದೇವ್ ಸುಳ್ಳು ಹೇಳಿರಲಿಲ್ಲ. ಅಡುಗೆ ಮನೆಯ ಬಾಗಿಲು ಅಗಲವಾಗಿತ್ತು, ನೆಲಕ್ಕೆ ಸಮವಾಗಿತ್ತು. ತರಕಾರಿ ಗಾಡಿ, ಹಂಡೆ, ಸಿಲಿಂಡರು ಎಲ್ಲ ಉರುಳಿಸಿಕೊಂಡು ಬರುವ ಬಾಗಿಲು ಅದು. ಒಳಗೆ ಸೌತೆಕಾಯಿ ಸಿಪ್ಪೆ, ತೊಳೆದ ಅಕ್ಕಿಯ ನೀರು. ಒಂದು ಮೂಲೆಯಲ್ಲಿ ಬೂದುಗುಂಬಳಕಾಯಿಗಳು ನೆಂಟರ ಹಾಗೆ ಸಾಲಾಗಿ ಕೂತಿದ್ದವು.

“ಮಹದೇವ, ಈ ಬಾಗಿಲಿಗೆ ಯಾಕೋ ಹೊಸ್ತಿಲಿಲ್ಲ?”

“ಗಾಡಿ ತಳ್ಕೊಂಡು ಬರ್ಬೇಕಲ್ಲಕ್ಕ. ಅಡ್ಡ ಆಗುತ್ತೆ ಅಂತ.”

“ಕುಂಬಳಕಾಯಿ ಗಾಡಿಗೆ ಅಡ್ಡ ಆಗುತ್ತೆ ಅಂತ ಹೊಳೀತು ನಿಮಗೆ.”

ಮಹದೇವ್ ಕುಂಬಳಕಾಯಿಗಳನ್ನು ನೋಡಿದ.

ಅಡುಗೆ ಮನೆ ದಾಟಿದರೆ ಊಟದ ಹಾಲು. ಅಲ್ಲಿಂದ ಮದುವೆಯ ಹಾಲಿಗೆ ಹೋಗಲು ಮೆಟ್ಟಿಲು. ಕುಸುಮಾ ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿ, ಮೇಲೆ ನೋಡಿದಳು. ಅಂದರೆ ಅವಳು ಈ ಭವನದಲ್ಲಿ ಊಟ ಮಾಡಬಹುದು, ಮದುವೆ ನೋಡುವಂತಿಲ್ಲ. ಪಕ್ಕದ ಗೋಡೆಯಲ್ಲಿ ಹಸಿರು ಬೋರ್ಡು: ‘ತುರ್ತು ನಿರ್ಗಮನ’. ಬೋರ್ಡಿನ ಕೆಳಗೆ ಬಾಗಿಲು ಇತ್ತು, ಬಾಗಿಲ ಮುಂದೆ ತಲೆಯೆತ್ತರ ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಬಾಗಿಲಿಗೆ ಬೀಗ.

“ಬೀಗದ ಕೈ?” ಅನಘಾ ಕೇಳಿದಳು.

“ಸ್ಟೋರ್ ನೋಡ್ಕಳೋನ ಹತ್ರ ಐತೆ ಮೇಡಂ.”

“ಅವರೆಲ್ಲಿ?”

“ಮಾಗಡಿಗೆ ಹೋಗವ್ನೆ. ಅವರ ಮಾವನ ತಿಥಿ.”

“ಬೆಂಕಿ ಬಿದ್ರೆ ತಿಥಿ ಮುಗಿಸ್ಕೊಂಡು ಬರ್ತಾನಾ?” ಕುಸುಮಾ ಕೇಳಿದಳು. “ಬರ್ತಾ ಹಂಗೇ ನಮ್ಮದಕ್ಕೂ ಎಳ್ಳು ತರ್ಲಿ.”

ಅಂಗವಿಕಲರ ಶೌಚಾಲಯ ಅಂತ ಬರೆದಿದ್ದ ಕೋಣೆ ತೆಗೆಸಿದರೆ ಸೀರಿಯಲ್ ಸೆಟ್ಟಿನ ದೀಪಗಳ ಪೆಟ್ಟಿಗೆಗಳು ಮೈಮೇಲೆ ಬೀಳುವ ಹಾಗೆ ತುಂಬಿದ್ದವು. ಅನಘಾ ಫೋಟೋ ಹೊಡೆದುಕೊಂಡಳು. ಆಮೇಲೆ ದನಿ ತಗ್ಗಿಸಿ, “ಮೇಡಂ, ಕುರ್ಚಿ, ಪೆಟ್ಟಿಗೆ ಇವನ್ನ ಇವತ್ತೇ ತೆಗೆಸಬಹುದು. ಬೀಗಾನೂ ಒಡೆಸಬಹುದು. ಹೊಸ್ತಿಲು ಒಂದನ್ನ ಸಣ್ಣ ಕೊರತೆ ಅಂತ ಹಾಕಿ ಸಹಿ ಮಾಡೋದಾದ್ರೆ... ನಿಮ್ಮ ಮನೆ ಮದುವೆ ಅಂತ ಹೇಳಿದ್ರು. ನಿಮ್ಮಿಷ್ಟ,” ಅಂದಳು.

ಅವಳದು ಕೆಟ್ಟ ಬುದ್ಧಿಯಲ್ಲ. ಸಹಾಯ ಮಾಡಬೇಕು ಅಂತಲೇ ಹೇಳಿದ್ದು. ಅದು ಕುಸುಮಾಗೂ ಗೊತ್ತಿತ್ತು. ಅವಳು ಉತ್ತರ ಕೊಡುವ ಮೊದಲೇ ಓಣಿಯಲ್ಲಿ ಗೆಜ್ಜೆಯ ಸದ್ದಾಯಿತು. ಸ್ಪಂದನ.

ಹೂವಿನ ಅಲಂಕಾರದವರ ಜೊತೆ ಮಾತಾಡಲು ಬಂದಿದ್ದ ಹುಡುಗಿ, ಗಲಾಟೆ ಕೇಳಿ ಓಡಿ ಬಂದಿದ್ದಳು. ಅತ್ತೆಯ ಕುರ್ಚಿಯ ಮುಂದೆ ಮಂಡಿಯೂರಿ ಕೂತಳು. ಈ ಹುಡುಗಿ ಹುಟ್ಟಿದಾಗಿನಿಂದ ಮಲಗಿದ್ದು ಹೆಚ್ಚಾಗಿ ಕುಸುಮಾಳ ಮಗ್ಗುಲಲ್ಲೇ. ಅವಳ ಜಡೆ ಹೆಣೆದದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಮೊದಲ ಸಂಬಳದ ದಿನ ಅವಳು ಕಾಲಿಗೆ ಬಿದ್ದದ್ದು ಎಲ್ಲ ಕೆಳಗಿನ ಕೋಣೆಯಲ್ಲೇ.

“ಅತ್ತೆ, ಅಪ್ಪ ಹಂಗೇ ಬಿಡು, ಅವರ ಬಾಯಿ ಗೊತ್ತಲ್ಲ. ನನಗೋಸ್ಕರ ಸಹಿ ಹಾಕು. ಮದುವೆ ಆದ ಮೇಲೆ ನಾನೇ ನಿಂತು ಆ ಕಲ್ಲು ತೆಗೆಸ್ತೀನಿ. ನನ್ನಾಣೆ.”

“ಆಣೆ ಇಡ್ಬೇಡ ಕಣೇ, ಮದುವೆ ಹುಡುಗಿ.”

“ಹಾಕ್ತೀಯಾ?”

ಒಂದು ವಾರ. ಎಲ್ಲರಿಗೂ ಕಾರ್ಡು ಹಂಚಿ ಆಗಿದೆ. ಇಂಥ ಮುಹೂರ್ತದ ದಿನಗಳಲ್ಲಿ ನಾಗರಬಾವಿಯಿಂದ ಕೆಂಗೇರಿ ತನಕ ಹುಡುಕಿದರೂ ಬೇರೆ ಛತ್ರ ಸಿಗೋದಿಲ್ಲ. ಒಂದು ಸಹಿ. ಮಗುವಿಗೋಸ್ಕರ ಒಂದು ಸಹಿ. ಅವಳು ಅನಘಾ ಕಡೆಗೆ ಕೈ ಚಾಚಿದಳು.

“ಪೆನ್ ಕೊಡಮ್ಮ.”

ಮಹದೇವ್ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಸ್ಪಂದನ ಅತ್ತೆಯ ಕೈಗೆ ಮುತ್ತಿಟ್ಟಳು.

“ಇರು, ಇರು. ಮದುವೆ ದಿನ ನಾನು ಎಲ್ಲಿರ್ತೀನಿ ಅದು ಹೇಳು. ಬಾಗಿಲಲ್ಲಿ ಆರತಿ ಎತ್ತೋದು ಸೋದರತ್ತೆ ಅಲ್ವಾ?”

“ಅದೆಲ್ಲ ಅಪ್ಪ ಆಗ್ಲೇ ಯೋಚನೆ ಮಾಡವ್ರೆ ಅತ್ತೆ. ಬೆಳಗ್ಗೆ ಬೇಗನೆ, ವಿಡಿಯೋದವರು ಬರೋಕೆ ಮುಂಚೆನೇ ನಿನ್ನ ಎತ್ಕೊಂಡು ಹೋಗಿ ಒಳಗೆ ಕೂರಿಸ್ತಾರೆ. ಎತ್ತೋದೆಲ್ಲ ವಿಡಿಯೋದಲ್ಲಿ ಬಂದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತ. ಬಾಗಿಲಲ್ಲಿ ಆರತಿ ಚಿಕ್ಕಮ್ಮ ಎತ್ತುತಾರೆ. ನೀನು ಒಳಗೆ ಕೂತು ಅಕ್ಷತೆ ಹಾಕು, ಆಯ್ತಾ?”

ಹುಡುಗಿ ಇದನ್ನು ಹೇಳಿದ್ದು ಬಲು ಪ್ರೀತಿಯಿಂದ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು.

“ಆಮೇಲೆ?” ಕುಸುಮಾ ಕೇಳಿದಳು. “ಬೆಳಗ್ಗೆ ಬೇಗ ಕೂರಿಸಿದೋರು ಯಾವಾಗ ಇಳಿಸ್ತಾರೆ?”

“ಎಲ್ಲ ಮುಗಿದ ಮೇಲೆ.”

“ಅಲ್ಲೀತನಕ ನಾನು ಒಂದು ತೊಟ್ಟು ನೀರು ಕುಡೀದೆ ಕೂತಿರ್ಬೇಕು. ಕುಡಿದ್ರೆ ಹೋಗೋಕೆ ಜಾಗ ಇಲ್ಲ. ಅಲ್ಲಿ ಸೀರಿಯಲ್ ಸೆಟ್ಟು ಕೂತೈತೆ.”

ಸ್ಪಂದನ ಅದನ್ನು ಯಾವತ್ತೂ ಯೋಚಿಸಿರಲಿಲ್ಲ. ಚಿಕ್ಕಂದಿನಿಂದ ನೋಡಿದ ಯಾವ ಮದುವೆಯಲ್ಲೂ ಅತ್ತೆ ಯಾಕೆ ಪಾನಕ ಮುಟ್ಟುವುದಿಲ್ಲ ಅಂತ ಕೇಳಿರಲಿಲ್ಲ.

ಕುಸುಮಾ ಪೆನ್ನಿನ ಮುಚ್ಚಳ ಹಾಕಿ ಅನಘಾಗೆ ಕೊಟ್ಟಳು. “ಏಳು ಮಗಾ. ಮಂಡಿ ನೋಯುತ್ತೆ.” ಕುರ್ಚಿ ತಿರುಗಿಸಿ ಬಂದ ಓಣಿಯಲ್ಲೇ ಮುಂಬಾಗಿಲಿಗೆ ವಾಪಸು ಹೊರಟಳು.

ಅಲ್ಲಿ ಕೆಂಪಯ್ಯ ಒಳಗಿಂದಲೇ ಕಾಯುತ್ತಿದ್ದ. ಹಿರಿಯರು ಶಾಲು ಬಿಡಿಸಿ ಹಿಡಿದು ನಿಂತಿದ್ದರು. ಸಮಾಧಾನ ಆಗಿದ್ದಾಳೆ ಅಂತ ಯಾರೋ ಸುದ್ದಿ ಮುಟ್ಟಿಸಿರಬೇಕು.

“ಬಾರವ್ವ, ಬಾ. ಊರ ಮಗಳಿಗೆ ಊರೇ ಸನ್ಮಾನ ಮಾಡೋದು ಅಂದ್ರೆ ಏನು ಸಾಮಾನ್ಯನಾ?” ಹಿರಿಯರೊಬ್ಬರು ಕರೆದರು. “ಎತ್ರಪ್ಪ ಹುಡುಗ್ರಾ, ನಿಧಾನ.”

ಕುಸುಮಾ ಇಳಿಜಾರು ಹತ್ತಿ, ಕುರ್ಚಿಯನ್ನು ಕಲ್ಲಿಗೆ ಒತ್ತಿ ನಿಲ್ಲಿಸಿ, ಬ್ರೇಕು ಎಳೆದಳು. ಹುಡುಗರು ಹತ್ತಿರ ಬರುವಷ್ಟರಲ್ಲಿ ಎರಡು ಕೈ ಊರಿ ಮೈಯನ್ನು ಮುಂದಕ್ಕೆ ಜಾರಿಸಿ, ಕೆಳಗಿಳಿದು, ಹೊಸ್ತಿಲ ಮೇಲೆ ಕೂತುಬಿಟ್ಟಳು. ಅರಿಶಿನ ಕುಂಕುಮದ ಮೇಲೇ. ಬೆನ್ನನ್ನು ಒಂದು ಕಡೆಯ ಬಾಗಿಲವಾಡಕ್ಕೆ ಆನಿಸಿ, ಕಾಲುಗಳನ್ನು ಒಂದೊಂದಾಗಿ ಕೈಯಿಂದಲೇ ಎತ್ತಿ ಕಲ್ಲಿನ ಉದ್ದಕ್ಕೂ ಚಾಚಿಕೊಂಡಳು. ಬಾಗಿಲು ಈ ತುದಿಯಿಂದ ಆ ತುದಿಗೆ ಮುಚ್ಚಿಹೋಯಿತು.

ಹೊಸ್ತಿಲ ಮೇಲೆ ಕೂರಬಾರದು ಅಂತ ಅಲ್ಲಿದ್ದ ಪ್ರತಿಯೊಬ್ಬರೂ ಚಿಕ್ಕಂದಿನಲ್ಲಿ ಏಟು ತಿಂದೇ ಕಲಿತಿದ್ದರು.

“ಏಳೇ!” ಕೆಂಪಯ್ಯ ಕಿರುಚಿದ. “ಏಳೇ ಮೇಲೆ! ಸಂಜೆ ಹೊತ್ತು, ದೀಪ ಹಚ್ಚೋ ಹೊತ್ತು, ಹೊಸ್ತಿಲ ಮೇಲೆ...”

“ಮೇಲೇಳೋಕೆ ಬಂದಿದ್ರೆ ನಿನ್ನ ಹುಡುಗರು ಯಾಕೆ ಬೇಕಿತ್ತು?”

“ಅಕ್ಕ, ಬೇಡ, ಊರಿಗೆ ಒಳ್ಳೇದಾಗಲ್ಲ,” ಮಹದೇವ್ ಹೊರಗಿನಿಂದ ಕೈ ಮುಗಿದ.

“ಊರಿಗೆ ಒಳ್ಳೇದು ಬೇಕಾದ್ರೆ ಊರು ಬಂದು ಈ ಕಲ್ಲು ತೆಗೀಲಿ.”

ಹಿರಿಯರಿಗೆ ಈಗ ಇನ್ನೊಂದು ಸಂಕಟ ಅರಿವಾಯಿತು. ಹೊರಗೆ ಹೋಗಬೇಕಾದರೆ ಇವಳನ್ನು ದಾಟಬೇಕು. ಕೂತ ಮನುಷ್ಯರನ್ನು ದಾಟಬಾರದು; ಹೆಂಗಸನ್ನಂತೂ ದಾಟಲೇಬಾರದು; ಅದೂ ಹೊಸ್ತಿಲ ಮೇಲೆ, ಮೈಗೆಲ್ಲ ಕುಂಕುಮ ಮೆತ್ತಿಕೊಂಡು ಕೂತಿರುವ ಹೆಂಗಸನ್ನು. ಒಬ್ಬರು ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು, ಒಂದು ಕಾಲೆತ್ತಿದರು, ಕುಸುಮಾ ಕತ್ತೆತ್ತಿ ಅವರ ಮುಖವನ್ನೇ ನೋಡಿದಳು. ಕಾಲು ವಾಪಸು ನೆಲಕ್ಕೆ ಬಂತು.

“ಆ ತುರ್ತು ಬಾಗಿಲು ತೆಗೀರೋ!”

“ಬೀಗ ಐತೆ ದೊಡ್ಡಪ್ಪ. ಕೈ ಮಾಗಡಿಲೈತೆ,” ಮಹದೇವ್ ಅಂದ.

“ಅಡುಗೆ ಮನೆ ಬಾಗಿಲು ತೆಗ್ದೈತೆ,” ಕುಸುಮಾ ದಾರಿ ಹೇಳಿದಳು. “ನೆಲಕ್ಕೆ ಸಮ ಐತೆ. ಜುಮ್ಮಂತ ಹೋಗಬಹುದು.”

ಊರ ಹಿರಿಯರು ಶಾಲು ಪೇಟಗಳನ್ನು ಹೆಗಲ ಮೇಲೆ ಹಾಕಿಕೊಂಡು, ಒಬ್ಬರ ಭುಜ ಒಬ್ಬರು ಹಿಡಿದು, ಊಟದ ಹಾಲಿನ ಮೆಟ್ಟಿಲು ಇಳಿಯುವ ಸದ್ದು ಬಾಗಿಲ ತನಕ ಕೇಳುತ್ತಿತ್ತು.

“ಅಯ್ಯೋ, ಮಂಡಿ! ಯಾವನೋ ಇಲ್ಲಿ ಮೆಟ್ಟಿಲು ಇಟ್ಟೋನು?”

“ನಾವೇ ಇಟ್ಟಿದ್ದು, ಬಾರಣ್ಣ.”

“ಕಂಬಿ ಎಲ್ಲಯ್ಯ ಹಿಡ್ಕಳೋಕೆ?”

“ಕಂಬಿ ಹಾಕಿಲ್ಲ. ಸಿಪ್ಪೆ ಮೇಲೆ ಕಾಲಿಡ್ಬೇಡ, ಸಿಪ್ಪೆ, ಸಿಪ್ಪೆ...”

ಪೆಂಡಾಲಿನ ಹುಡುಗರು ಈ ಸಲ ನಗು ತಡೆಯಲಿಲ್ಲ. ಅನಘಾ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಹೆಗಲು ಅಲ್ಲಾಡುತ್ತಿತ್ತು. ಸ್ಪಂದನ ಮಾತ್ರ ಓಣಿಯ ತುದಿಯಲ್ಲಿ ನಿಂತು ಅಳುತ್ತಿದ್ದಳು. ಕುಸುಮಾಗೆ ಅದು ಕಾಣುತ್ತಿತ್ತು. ಕಂಡರೂ ಏಳಲಿಲ್ಲ.

ಒಳಗೆ ಉಳಿದವನು ಕೆಂಪಯ್ಯ ಒಬ್ಬನೇ. ಅಡುಗೆ ಮನೆಯಿಂದ ಹೋಗಲು ಅವನು ಒಪ್ಪಲಿಲ್ಲ. ತಂಗಿಯನ್ನು ದಾಟಲು ಕಾಲು ಬರಲಿಲ್ಲ. ಆಮೇಲೆ ಅವಳ ಪಕ್ಕಕ್ಕೆ ಬಂದು, ಬೆನ್ನು ಅವಳ ಕಡೆ ಮಾಡಿ, ಕುಕ್ಕರುಗಾಲಲ್ಲಿ ಕೂತ.

“ಹತ್ತು,” ಅಂದ.

ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಈ ಬೆನ್ನು ಅವಳಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ಹೇರೋಹಳ್ಳಿ ಶಾಲೆಗೆ ಅವಳು ಹೋದದ್ದು ಈ ಬೆನ್ನ ಮೇಲೆ. ಮಳೆಯಲ್ಲಿ ಅವಳು ಸ್ಲೇಟನ್ನು ಇಬ್ಬರ ತಲೆಗೂ ಹಿಡಿದಿರುತ್ತಿದ್ದಳು. ಹುಡುಗರು ಕುದುರೆ ಕುದುರೆ ಅಂತ ರೇಗಿಸಿದರೆ ಅವನು ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಹೋಗಿ ಗುದ್ದಿ, ಬಂದು ಮತ್ತೆ ಹೊರುತ್ತಿದ್ದ. ಅವನು ಏಳನೇ ಕ್ಲಾಸು ಮುಗಿಸಿ ಬೇಸಾಯಕ್ಕೆ ನಿಂತ ವರ್ಷ ಅವಳ ಶಾಲೆಯೂ ನಿಂತಿತು. ಹೊರುವವರಿರಲಿಲ್ಲ. ಅವಳಿನ್ನೂ ನಾಲ್ಕನೇ ಕ್ಲಾಸಿನಲ್ಲಿದ್ದಳು, ಲೆಕ್ಕದಲ್ಲಿ ಮೊದಲಿದ್ದಳು.

“ಹತ್ತು ಕಣೇ. ಜನ ನೋಡ್ತಾವ್ರೆ.”

“ಇಲ್ಲ ಅಣ್ಣ.”

“ಊರಲ್ಲಿ ನನ್ನ ಏನಂತಾರೆ ಗೊತ್ತೇನೇ ನಿಂಗೆ?” ಅವನು ತಿರುಗಲಿಲ್ಲ. ಬೆನ್ನೇ ಮಾತಾಡಿದ ಹಾಗಿತ್ತು. “ಈ ಭವನ ಕಟ್ಟಿಸಿದೋನು ಅಂತ ಯಾವನೂ ಅನ್ನಲ್ಲ. ತಂಗೀನ ಹೊತ್ತು ಸಾಕಿದೋನು ಅಂತಾರೆ. ಅದೊಂದೇ ನಾನು ಮಾಡಿರೋ ಒಳ್ಳೇ ಕೆಲಸ.”

“ನನ್ನ ಏನಂತಾರೆ ಗೊತ್ತಾ? ಕೆಂಪಯ್ಯನ ಹೊರೆ ಅಂತಾರೆ. ಗಿರಣಿ ಹಾಕಿ ಇಷ್ಟು ವರ್ಷ ಆದ್ರೂ ಅದನ್ನೇ ಅಂತಾರೆ.”

“ನಾನು ಯಾವತ್ತಾದ್ರೂ ಹಂಗಂದಿದೀನಾ?”

“ಅಂದಿಲ್ಲ. ಇಳಿಸೂ ಇಲ್ಲ.” ಅವಳ ದನಿ ಆ ದಿನದಲ್ಲಿ ಮೊದಲ ಸಲ ಕೆಳಗಿಳಿದಿತ್ತು. “ಇಳಿಸು ಅಣ್ಣ ನನ್ನ. ಸಾಕು. ಒಂದು ಕಲ್ಲು ಕಿತ್ತರೆ ನಾನೇ ಬರ್ತೀನಿ. ನಾನೇ ಬಂದು ಆರತಿ ಎತ್ತುತೀನಿ. ನಿನಗೆ ಅದು ಬೇಡ್ವಾ?”

ಕೆಂಪಯ್ಯ ಎದ್ದು ನಿಂತ. ಅವನ ಕಣ್ಣು ಕೆಂಪಾಗಿತ್ತು. ಅವಳಿಗೆ ಒಂದು ಗಳಿಗೆ ಅವನು ಹೂಂ ಅನ್ನುತ್ತಾನೆ ಅನ್ನಿಸಿತು. ಅವನು ಕಲ್ಲನ್ನು ನೋಡಿದ, ಹೊರಗೆ ಓಣಿಯಿಂದ ಪಂಚೆ ಕೊಡವಿಕೊಂಡು ಬಂದು ನಿಂತಿದ್ದ ಹಿರಿಯರನ್ನು ನೋಡಿದ, ಮೊಬೈಲು ಹಿಡಿದಿದ್ದ ಪೆಂಡಾಲಿನ ಹುಡುಗನನ್ನು ನೋಡಿದ. ಜನರ ಮುಂದೆ ಸೋಲುವುದು ಅವನಿಗೆ ಬರುತ್ತಿರಲಿಲ್ಲ. ಅವಳಿಗೂ ಬರುತ್ತಿರಲಿಲ್ಲ. ಒಂದೇ ತಾಯಿಯ ಮಕ್ಕಳು.

“ಚಾವಡಿ ಕಲ್ಲು ಕೀಳಲ್ಲ,” ಅಂದ. “ಅದು ಊರ ಮರ್ಯಾದೆ. ಸಹಿ ಹಾಕು. ಹಾಕಲ್ಲ ಅಂದ್ರೆ ಹಾಕಬೇಡ, ನಿನ್ನಿಷ್ಟ ಬಂದಂಗೆ ಬರ್ಕೊಂಡು ಹೋಗು. ಆದ್ರೆ ಬರೆದ ಮೇಲೆ ಮದುವೆಗೂ ಬರಬೇಡ, ಮನೆಗೂ ಬರಬೇಡ. ನನ್ನ ಮಗಳ ಮದುವೆ ನಿಲ್ಲಿಸಿದೋಳು ನನ್ನ ಮನೇಲಿ ಉಣ್ಣಬಾರದು.”

“ಅಪ್ಪಾ!” ಸ್ಪಂದನ ಕೂಗಿದಳು.

“ನೀನು ಸುಮ್ಕಿರು.”

ಕುಸುಮಾ ಕೈ ಚಾಚಿದಳು. “ಅನಘಾ, ಕೊಡಮ್ಮ ಪೆನ್ನು, ತಪಾಸಣೆ ಕಾಗದ.”

ಹೊಸ್ತಿಲ ಮೇಲೆ ಕೂತೇ, ತೊಡೆಯ ಮೇಲೆ ಕಾಗದ ಸಿಕ್ಕಿಸಿದ ಹಲಗೆ ಇಟ್ಟುಕೊಂಡು, ನಾಲ್ಕನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಬರೆದಳು: ‘ಈ ಕಟ್ಟಡಕ್ಕೆ ನಾನು ಒಬ್ಬಳೇ ಬರಲು ಆಗುವುದಿಲ್ಲ. ಬೆಂಕಿ ಬಿದ್ದರೆ ಯಾರೂ ಹೊರಗೆ ಹೋಗಲು ಆಗುವುದಿಲ್ಲ. ತೆರೆಯಬಾರದು.’ ಕೆಳಗೆ ಸಹಿ ಹಾಕಿದಳು. ಅನಘಾ ಅದನ್ನು ತೆಗೆದುಕೊಂಡು ಓದಿದಳು. ಒಂದು ಸಲ ಕೆಂಪಯ್ಯನ ಕಡೆ ನೋಡಿದಳು. ಆಮೇಲೆ ಗೋಡೆಗೆ ಹಿಡಿದು, ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿದಳು.

ಕಲ್ಲಿನಿಂದ ಕುರ್ಚಿಗೆ ಹತ್ತುವುದು ಇಳಿದಷ್ಟು ಸುಲಭ ಇರಲಿಲ್ಲ. ಕುಸುಮಾ ಒಂದು ಸಲ ಜಾರಿದಳು. ಕೆಂಪಯ್ಯನ ಎರಡೂ ಕೈ ತಾವಾಗಿ ಮುಂದೆ ಬಂದವು. ಅವಳು ನೋಡಿದ ನೋಟಕ್ಕೆ ಅಲ್ಲೇ ನಿಂತವು. ಎರಡನೇ ಸಲ ಹಲ್ಲು ಕಚ್ಚಿ, ಮೈಯನ್ನು ಎಳೆದು ಕುರ್ಚಿಯಲ್ಲಿ ಕೂತಳು. ಸೀರೆಯ ಹಿಂಬದಿಯೆಲ್ಲ ಅರಿಶಿನವಾಗಿತ್ತು. ಕೊಡವಿಕೊಳ್ಳಲಿಲ್ಲ.

ಇಳಿಜಾರಿನ ಬುಡದಲ್ಲಿ ಸ್ಪಂದನ ಅಡ್ಡ ಬಂದು ನಿಂತಳು. “ಅತ್ತೆ, ಹಿಂಗೆ ಹೋಗಬೇಡ.”

ಕುಸುಮಾ ಅವಳ ಕೆನ್ನೆ ಮುಟ್ಟಿದಳು. “ಬೇರೆ ಎಲ್ಲಾದ್ರೂ ಮದುವೆ ಆಗು ಕಣೇ. ಬೀದೀಲಿ ಪೆಂಡಾಲ್ ಹಾಕು. ಬೀದಿಗೆ ಹೊಸ್ತಿಲಿರಲ್ಲ, ನಾನು ಬರ್ತೀನಿ. ನಿಮ್ಮಪ್ಪ ಬೇಡ ಅಂದ್ರೂ ಬರ್ತೀನಿ. ಇಲ್ಲಿಗೆ ಬರಲ್ಲ.”

ಗೇಟಿನ ಹೊರಗೆ ಎರಡೂ ಪಕ್ಕ ಗಾಲಿ ಹಾಕಿಸಿದ ಅವಳ ಸ್ಕೂಟರು ನಿಂತಿತ್ತು. ಕಂಬಿ ಹಿಡಿದು ಅದರ ಮೇಲೆ ಸರಿದು ಕೂತಳು. ಅನಘಾ ಗಾಲಿಕುರ್ಚಿ ಮಡಚಿ, ಏನು ಮಾಡಲಿ ಅಂತ ಹಿಡಿದುಕೊಂಡು ನಿಂತಿದ್ದಳು.

“ಹಿಂದೆ ಕಟ್ಟು. ಅದನ್ನ ಎತ್ತಬಹುದು, ಪರವಾಗಿಲ್ಲ.”

“ಹೋಗು!” ಬಾಗಿಲಿನಿಂದ ಕೆಂಪಯ್ಯನ ದನಿ ಬಂತು. “ಹೋಗು ಹೋಗು! ಎಲ್ಲಿಗೆ ಹೋಗ್ತೀಯ ನಾನೂ ನೋಡ್ತೀನಿ! ಹೊತ್ತು ಮುಳುಗಿದ್ರೆ ಮುದ್ದೆಗೆ ಮನೆಗೇ ಬರ್ಬೇಕು ನೀನು!”

ಕುಸುಮಾ ಸ್ಕೂಟರು ಚಾಲೂ ಮಾಡಿದಳು. ಗುಂಡಿಗಳ ರಸ್ತೆಯಲ್ಲಿ ಕುಲುಕಾಡಿಕೊಂಡು, ಎಮ್ಮೆ ಅಡ್ಡ ಬಂದಲ್ಲಿ ಹಾರ್ನು ಹೊಡೆದುಕೊಂಡು ಹೋದಳು. ಬೇಕರಿ ಬಂತು. ಬೇಕರಿಯ ಪಕ್ಕ ಮನೆಯ ತಿರುವು ಬಂತು. ಅತ್ತಿಗೆ ಆಗಲೇ ಮುದ್ದೆಗೆ ಎಸರಿಟ್ಟಿರುತ್ತಾಳೆ. ಇವತ್ತು ಅವರೆಕಾಳಿನ ಸಾರು ಅಂತ ಬೆಳಗ್ಗೆಯೇ ಹೇಳಿದ್ದಳು. ಕುಸುಮಾಳ ಕೈ ಬ್ರೇಕಿನ ಮೇಲೆ ಹೋಯಿತು.

ಹಿಂದಿನಿಂದ ಟಿಪ್ಪರಿನವನು ಹಾರ್ನು ಹೊಡೆದ. “ಹೋಗ್ತೀರೋ ತಿರುಗಿಸ್ತೀರೋ ಆಂಟಿ?”

“ಹೋಗ್ತೀನಿ ತಡ್ಕೊಳ್ಳೋ!” ಅಂತ ಕೂಗಿ, ಮಲ್ಲತ್ತಹಳ್ಳಿಯ ತನ್ನ ಗಿರಣಿಯ ಕಡೆಗೆ ನೇರ ಬಿಟ್ಟಳು.

ಆ ಸಂಜೆ ಕೆಂಪಯ್ಯ ಜಗುಲಿಯ ಮೇಲೆ ಕೂತೇ ಇದ್ದನಂತೆ. ಸ್ಕೂಟರಿನ ಸದ್ದು ಯಾವುದೇ ಕೇಳಲಿ, ಕತ್ತು ಎತ್ತುತ್ತಿದ್ದನಂತೆ. ಅವಳು ಬರಲಿಲ್ಲ.